ಭಂಗಾರಕ್ಕೆ ಹಾಕುವ ಮುನ್ನ ಮುಚ್ಚಳ ತೆಗೆದು ನೋಡ್ರಿ: ತಾನೇ ಪ್ಲೇಟು ಬದಲಿಸುವ ಪೆಟ್ಟಿಗೆಯ ಕಥೆ

ಮರವಡೆ: ದಸರೆ ಹತ್ತಿರ ಬಂತೆಂದರೆ ಗಡಿಭಾಗದ ಮನೆಗಳಲ್ಲಿ ಅಟ್ಟ ಖಾಲಿಯಾಗುತ್ತದೆ. ಘಟಸ್ಥಾಪನೆಗೆ ಮುಂಚೆ ಹಾಸಿಗೆ-ಹೊದಿಕೆಯಿಂದ ಹಿಡಿದು ಹಿತ್ತಾಳೆ ಹಂಡೆಯವರೆಗೆ ಎಲ್ಲವೂ ಅಂಗಳಕ್ಕೆ ಬರಲೇಬೇಕು. ಸೋಲಾಪುರ, ಅಕ್ಕಲಕೋಟ, ಮಂಗಳವೇಡೆ ಕಡೆಯ ಕೆಲವು ಹಳೆಯ ಮನೆಗಳಲ್ಲಿ ಆ ಸಾಮಾನಿನ ಸಂಗಡ ಒಂದು ಭಾರವಾದ ಕಟ್ಟಿಗೆ ಪೆಟ್ಟಿಗೆಯೂ ಕೆಳಗಿಳಿಯುತ್ತದೆ. ಮುಚ್ಚಳ ತೆಗೆದರೆ ನಡುವೆ ಉದ್ದನೆಯ ಸೊಟ್ಟ ಕಡ್ಡಿ, ಪಕ್ಕದಲ್ಲಿ ಬಾಗಿದ ತೋಳು, ಸುತ್ತಲೂ ಧೂಳು. "ಅಜ್ಜನ ಕಾಲದ್ದು, ಕೆಟ್ಟು ಎಷ್ಟೋ ವರ್ಷ ಆತು" ಎಂಬ ಮಾತು ಮುಗಿಯುವುದರೊಳಗೆ ಓಣಿಯಲ್ಲಿ ಭಂಗಾರದವನ ಕೂಗು ಕೇಳುತ್ತದೆ. ಪೆಟ್ಟಿಗೆ ತೂಕಕ್ಕೆ ಹೋಗುತ್ತದೆ. ಅದರ ಜೊತೆಗಿದ್ದ ಕರಿಯ ಪ್ಲೇಟುಗಳೂ ಹೋಗುತ್ತವೆ.

ಮರಾಠಿಯ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ. ಈ ಪೆಟ್ಟಿಗೆಯ ವಿಷಯದಲ್ಲಿ ಆ ಅಂತರವನ್ನು ನೋಡಿಯೇ ನಿರ್ಧಾರ ಮಾಡಬೇಕು. ಯಾಕಂದ್ರ ಅದರೊಳಗೆ ಎರಡು ಬೇರೆ ಬೇರೆ ಆಸ್ತಿಗಳಿವೆ. ಒಂದು, ಪ್ಲೇಟನ್ನು ತಾನೇ ಬದಲಿಸುವ ಯಂತ್ರ. ಇನ್ನೊಂದು, ಅದರ ಮೇಲೆ ತಿರುಗಿದ ಪ್ಲೇಟುಗಳು. ಯಂತ್ರ ಉಳಿಸಬಹುದು, ಉಳಿಸಲೂಬೇಕು. ಆದರೆ ಹಳೆಯ ಕನ್ನಡ ಪ್ಲೇಟುಗಳನ್ನು ಅದೇ ಯಂತ್ರಕ್ಕೆ ಮತ್ತೆ ಪೇರಿಸಿ ಕೊಡುವುದು ಮಾತ್ರ ಸರಿಯಲ್ಲ.

ಹೆಸರು ಹಲವು

ಈ ಭಾಗದಲ್ಲಿ ಒಂದೇ ವಸ್ತುವಿಗೆ ಎರಡು-ಮೂರು ಹೆಸರು ಇರುವುದು ಹೊಸದೇನಲ್ಲ. ಕನ್ನಡದ ಬಾಯಲ್ಲಿ ಪ್ಲೇಟು, ಮರಾಠಿಯಲ್ಲಿ ತಬಕಡಿ, ಸಿನಿಮಾದ ಹಿಂದಿಯಲ್ಲಿ ರಿಕಾರ್ಡು. ಚಾವಿ ಕೊಟ್ಟು ನಡೆಸುವ ಯಂತ್ರ ಫೋನೋ. ರೇಡಿಯೋ ಮತ್ತು ಪ್ಲೇಟಿನ ಯಂತ್ರ ಎರಡನ್ನೂ ಒಂದೇ ಕಪಾಟಿನಲ್ಲಿ ಕೂರಿಸಿದರೆ ರೇಡಿಯೋಗ್ರಾಮ್. ಅದರೊಳಗೆ ಪ್ಲೇಟು ತಾನಾಗಿಯೇ ಬೀಳುವ ವ್ಯವಸ್ಥೆ ಇದ್ದರೆ ಅದು ಚೇಂಜರ್.

ಚೇಂಜರ್ ಬೇಕಾದದ್ದು ಏಕೆ ಎಂಬುದು ಇಂದಿನ ಮಕ್ಕಳಿಗೆ ತಿಳಿಯುವುದು ಕಷ್ಟ. ಹಳೆಯ 78ರ ವೇಗದ 10 ಇಂಚಿನ ಅರಗಿನ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು, ಬಹಳ ಆದರೆ ಮೂರೂವರೆ. ಚಾವಿ ಕೊಡಬೇಕು, ಉಕ್ಕಿನ ಸೂಜಿ ಬದಲಿಸಬೇಕು, ತೋಳು ಇಡಬೇಕು. ಕೂತು ಒಂದು ಗುಟುಕು ಚಹಾ ಕುಡಿಯುವುದರೊಳಗೆ ಹಾಡು ಮುಗಿದು ಮತ್ತೆ ಏಳಬೇಕು. ಅರ್ಧ ತಾಸು ಸಂಗೀತ ಕೇಳಬೇಕೆಂದರೆ ಹತ್ತು ಸಲ ಎದ್ದು-ಕೂತು ಮಾಡಬೇಕಿತ್ತು.

ಈ ತಾಪತ್ರಯಕ್ಕೆ ಪರಿಹಾರ ಹುಡುಕಿದವರಲ್ಲಿ ಮೊದಲಿಗ ಎಂದು ಹೆಸರಾದವನು ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಊರಿನ ಎರಿಕ್ ವಾಟರ್‌ವರ್ತ್. 1925ರಲ್ಲಿ ಆತ ಇಂಥ ಯಂತ್ರ ಕಟ್ಟಿದ. ಅಮೆರಿಕದ ವಿಕ್ಟರ್ ಕಂಪನಿ 1927ರಲ್ಲಿ ತಾನೇ ಪ್ಲೇಟು ಬದಲಿಸುವ ವಿಕ್ಟ್ರೋಲಾ ಮಾರಾಟಕ್ಕೆ ತಂದಿತು. ಮುಂದೆ ಇಂಗ್ಲೆಂಡಿನ ಸ್ವಿಂಡನ್ ಊರಿನ ಗ್ಯಾರಾರ್ಡ್, ಬರ್ಮಿಂಗ್‌ಹ್ಯಾಮ್ ಸೀಮೆಯ ಬಿಎಸ್ಆರ್, ಕೊಲ್ಲಾರೊ ಕಂಪನಿಗಳು ಈ ಕೆಲಸದಲ್ಲಿ ಹೆಸರು ಮಾಡಿದವು. ಕಪಾಟಿನ ಮೇಲೆ ಬೇರೆಯೇ ಹೆಸರಿದ್ದರೂ ಒಳಗಿನ ಯಂತ್ರದ ಮೇಲೆ ಗ್ಯಾರಾರ್ಡ್ ಅಥವಾ ಬಿಎಸ್ಆರ್ ಎಂದು ಬರೆದಿರುವುದು ಸಾಮಾನ್ಯ. ನಿಮ್ಮ ಮನೆಯದರಲ್ಲಿ ಏನಿದೆ ಎಂದು ಒಮ್ಮೆ ಧೂಳು ಒರೆಸಿ ನೋಡಿ.

ಚೇಂಜರಿಗೆ ಕರೆಂಟು ಬೇಕು. ಹೀಗಾಗಿ ಅದು ಹೆಚ್ಚಾಗಿ ಪೇಟೆಯ ಮನೆಗಳ ಸೊತ್ತಾಯಿತು. ಕರೆಂಟು ತಡವಾಗಿ ಬಂದ ಹಳ್ಳಿಗಳಲ್ಲಿ ಚಾವಿಯ ಫೋನೋದ ಕಾಲವೇ ಇನ್ನೂ ಕೆಲವು ವರ್ಷ ನಡೆಯಿತು. ಮದುವೆ-ಮುಂಜಿವೆಗೆ ಕರ್ಣಾ ಕಟ್ಟುತ್ತಿದ್ದ ಮೈಕ್‌ಸೆಟ್ಟಿನವರಿಗೂ ಇದು ಒಗ್ಗುವಂಥದ್ದಲ್ಲ. ಬೀಗರು ಬಂದಾಗ ಒಂದು ಹಾಡು, ಅಕ್ಷತೆ ಮುಗಿದ ಮೇಲೆ ಇನ್ನೊಂದು, ನಡುವೆ ಯಾರೋ ಹುಡುಗರು ಬಂದು "ಅದನ್ನ ಮತ್ತೊಮ್ಮೆ ಹಚ್ಚರಿ" ಎನ್ನುವುದು. ಅಂಥಲ್ಲಿ ಕೈಯೇ ವಾಸಿ.

ಮಿದುಳಿಲ್ಲದ ಜಾಣ

ಈ ಯಂತ್ರದಲ್ಲಿ ಇಂದಿನಂತೆ ಚಿಪ್ ಇಲ್ಲ, ಪ್ರೋಗ್ರಾಮ್ ಇಲ್ಲ. ಇರುವುದು ಹಲ್ಲಿನ ಚಕ್ರ, ಸ್ಪ್ರಿಂಗು, ಕೆಲವು ತಗಡಿನ ಸನ್ನೆಗಳು. ಆದರೂ ಹಾಡು ಮುಗಿದದ್ದು ಅದಕ್ಕೆ ಗೊತ್ತಾಗುತ್ತದೆ. ಹೆಂಗ?

ಮೊದಲು ನಡುವಿನ ಸೊಟ್ಟ ಕಡ್ಡಿ ನೋಡಿ. ಅದು ಬಾಗಿರುವುದು ಬಿದ್ದು ಕೆಟ್ಟಿದ್ದರಿಂದಲ್ಲ, ಅದರ ರೂಪವೇ ಹಾಗೆ. ಬಾಗಿದ ಜಾಗದಲ್ಲಿ ಒಂದು ಸಣ್ಣ ಮೆಟ್ಟಿಲು ಇದೆ. ಆರು, ಎಂಟು, ಕೆಲವು ಮಾದರಿಗಳಲ್ಲಿ ಹತ್ತು ಪ್ಲೇಟುಗಳ ಪೇರಿಕೆ ಆ ಮೆಟ್ಟಿಲ ಮೇಲೆ ಕೂರುತ್ತದೆ. ಪಕ್ಕದ ಬಾಗಿದ ತೋಳು ಮೇಲಿನಿಂದ ಒತ್ತಿ ಪೇರಿಕೆ ವಾಲದಂತೆ ಹಿಡಿಯುತ್ತದೆ. ಸರದಿ ಬಂದಾಗ ಕಡ್ಡಿಯೊಳಗಿನ ಒಂದು ಚಿಕ್ಕ ನಾಲಗೆ ಎಲ್ಲಕ್ಕಿಂತ ಕೆಳಗಿನ ಪ್ಲೇಟನ್ನು ಮಾತ್ರ ಪಕ್ಕಕ್ಕೆ ನೂಕುತ್ತದೆ. ಅದರ ತೂತು ನೆಟ್ಟಗಿನ ಭಾಗಕ್ಕೆ ಸರಿಹೊಂದುತ್ತದೆ, ಪ್ಲೇಟು ಟಪ್ಪೆಂದು ಕೆಳಗೆ ಬೀಳುತ್ತದೆ. ಮೇಲಿನವು ಮೆಟ್ಟಿಲ ಮೇಲೆಯೇ ಉಳಿಯುತ್ತವೆ.

ಇನ್ನು ಹಾಡು ಮುಗಿದದ್ದು ತಿಳಿಯುವ ಬಗೆ. ಹಾಡು ನಡೆಯುವಾಗ ಸೂಜಿಯ ತೋಳು ಒಳಗೆ ಸರಿಯುವುದು ಬಹಳ ನಿಧಾನ. ಎಲ್‌ಪಿಯಲ್ಲಿ ಒಂದು ಸುತ್ತಿಗೆ ಮಿಲಿಮೀಟರಿನ ಸುಮಾರು ಹತ್ತನೇ ಒಂದು ಭಾಗ, 78ರಲ್ಲಿ ಸುಮಾರು ಕಾಲು ಮಿಲಿಮೀಟರು. ತೋಳು ಸರಿದಂತೆ ಕೆಳಗೆ ಒಂದು ಹಗುರ ತಗಡಿನ ನಾಲಗೆಯೂ ಚಕ್ರದ ನಡುವಿನ ಕಡೆಗೆ ಸರಿಯುತ್ತದೆ. ತಿರುಗುವ ಚಕ್ರದಲ್ಲಿ ಒಂದು ಮೊಳೆ ಇದ್ದು ಅದು ಪ್ರತಿ ಸುತ್ತಿಗೂ ಆ ನಾಲಗೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತದೆ. ತಳ್ಳು, ಸರಿ, ತಳ್ಳು, ಸರಿ. ಹಾಡು ಇರುವಷ್ಟು ಹೊತ್ತೂ ಈ ಆಟ ನಡೆಯುತ್ತದೆ.

ಹಾಡು ಮುಗಿದ ಮೇಲೆ ಲೇಬಲ್ಲಿನ ಹತ್ತಿರ ಗೆರೆಗಳು ಅಗಲವಾಗಿ ಹರಡಿರುತ್ತವೆ. ಸೂಜಿ ಅಲ್ಲಿಗೆ ಬಂದೊಡನೆ ತೋಳು ಒಮ್ಮೆಲೇ ಹಲವು ಮಿಲಿಮೀಟರು ಒಳಗೆ ಜಿಗಿಯುತ್ತದೆ. ಮೊಳೆಗೆ ನಾಲಗೆಯನ್ನು ಮೆಲ್ಲಗೆ ತಳ್ಳುವ ಅವಕಾಶ ಸಿಗುವುದಿಲ್ಲ, ಎರಡೂ ಸಿಕ್ಕಿಕೊಳ್ಳುತ್ತವೆ. ಆ ಒಂದು ಎಳೆತಕ್ಕೆ ಅಡಿಯಲ್ಲಿರುವ ದೊಡ್ಡ ಹಲ್ಲಿನ ಚಕ್ರ ತಿರುಗಲು ಶುರು. ಅದು ಒಂದು ಸುತ್ತು ಮುಗಿಸುವುದರೊಳಗೆ ತೋಳು ಮೇಲೇಳುತ್ತದೆ, ಹೊರಗೆ ಹೋಗುತ್ತದೆ, ಮುಂದಿನ ಪ್ಲೇಟು ಬೀಳುತ್ತದೆ, ಪ್ಲೇಟಿನ ಅಳತೆ 7 ಇಂಚೋ 10 ಇಂಚೋ 12 ಇಂಚೋ ಎಂದು ಒಂದು ಸನ್ನೆ ತಡವಿ ನೋಡುತ್ತದೆ, ತೋಳು ಸರಿಯಾದ ಅಂಚಿಗೆ ಬಂದು ಇಳಿಯುತ್ತದೆ. ಪೇರಿಕೆ ಖಾಲಿಯಾದರೆ ಮೇಲಿನ ತೋಳು ಕೆಳಗೆ ಕುಸಿದಿರುತ್ತದೆ. ಅದೇ ಗುರುತು, ಯಂತ್ರ ತಾನೇ ನಿಲ್ಲುತ್ತದೆ. ಎತ್ತಿನ ಗಾಣದಷ್ಟು ಸರಳ, ಗಡಿಯಾರದಷ್ಟು ನಾಜೂಕು.

ಇಲ್ಲೊಂದು ತೊಡಕು ಇದೆ. ತೀರ ಹಳೆಯ 78ರ ಪ್ಲೇಟುಗಳಲ್ಲಿ ಕೊನೆಯ ಆ ಅಗಲ ಗೆರೆಯೇ ಇರುವುದಿಲ್ಲ. ನಮ್ಮ ದೇಶದ ಧ್ವನಿಮುದ್ರಣದ ಮೊದಲ ತಾರೆ ಗೌಹರ್ ಜಾನ್ 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಹಾಡಿದ ಕಾಲದ ಪ್ಲೇಟುಗಳು ಅಂಥವು. ಅವನ್ನು ಚೇಂಜರಿಗೆ ಹಾಕಿದರೆ ಹಾಡು ಮುಗಿದದ್ದು ಯಂತ್ರಕ್ಕೆ ತಿಳಿಯದು. ಸೂಜಿ ಅಲ್ಲಿಯೇ ಗರಗರ ಉಜ್ಜುತ್ತ ಕೂರುತ್ತದೆ.

ಮೊದಲು ಸ್ಮಶಾನ, ಆಮೇಲೆ ಕನಸು

ಸಾಮಾನ್ಯ ಚೇಂಜರ್ ಪ್ಲೇಟನ್ನು ಬೀಳಿಸುತ್ತದೆಯೇ ಹೊರತು ಮಗುಚುವುದಿಲ್ಲ. ಮಗುಚುವ ಯಂತ್ರವನ್ನು ಅಮೆರಿಕದ ಕೇಪ್‌ಹಾರ್ಟ್ ಕಂಪನಿ ಮಾಡಿತ್ತು, ಅದು ಸಿರಿವಂತರ ಆಟಿಕೆ. ನಮ್ಮಲ್ಲಿ ಪೇರಿಕೆಯ ಒಂದೊಂದು ಮಗ್ಗುಲು ಮುಗಿದ ಮೇಲೆ ಇಡೀ ಪೇರಿಕೆಯನ್ನು ಎತ್ತಿ ಮಗುಚಿ ಹಾಕಬೇಕು.

ಬಿಡಿ ಹಾಡುಗಳಿದ್ದರೆ ತೊಂದರೆ ಇಲ್ಲ. ನಾಟಕದ ಸೆಟ್ಟು ಇದ್ದರೆ ನೋಡ್ರಿ ಮಜಾ. ಮೂರು ಪ್ಲೇಟಿನ ಹರಿಶ್ಚಂದ್ರ ನಾಟಕ ಎಂದುಕೊಳ್ಳೋಣ. ಮೊದಲ ಪ್ಲೇಟಿನಲ್ಲಿ 1-2, ಎರಡನೆಯದರಲ್ಲಿ 3-4, ಮೂರನೆಯದರಲ್ಲಿ 5-6 ಭಾಗ. ಚೇಂಜರಿಗೆ ಹಾಕಿದರೆ ಮೊದಲು 1, 3, 5 ಬರುತ್ತದೆ. ಮಗುಚಿ ಹಾಕಿದರೆ 6, 4, 2. ಅಂದರೆ ಚಂದ್ರಮತಿ ಸ್ಮಶಾನಕ್ಕೆ ಬಂದು ಹೋದ ಮೇಲೆ ಅರಸನಿಗೆ ಕನಸು ಬೀಳುತ್ತದೆ! ಇದಕ್ಕಾಗಿಯೇ ಪಶ್ಚಿಮದ ಕಂಪನಿಗಳು ದೊಡ್ಡ ಸೆಟ್ಟುಗಳನ್ನು ಚೇಂಜರಿಗೆಂದು ಬೇರೆ ಕ್ರಮದಲ್ಲಿ ಅಚ್ಚು ಮಾಡುತ್ತಿದ್ದವು: ಒಂದನೆಯ ಪ್ಲೇಟಿನಲ್ಲಿ 1 ಮತ್ತು 6, ಎರಡನೆಯದರಲ್ಲಿ 2 ಮತ್ತು 5, ಮೂರನೆಯದರಲ್ಲಿ 3 ಮತ್ತು 4. ನಿಮ್ಮ ಮನೆಯ ಎಲ್‌ಪಿ ಸೆಟ್ಟಿನಲ್ಲಿ ಅಂಕಿಗಳು ಹೀಗೆ ಅಡ್ಡಾದಿಡ್ಡಿ ಇದ್ದರೆ ಕಂಪನಿಯವರ ತಪ್ಪಲ್ಲ ಎಂದು ತಿಳಿಯಿರಿ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಸಿಕ್ಕಿತು. ಮರುವರ್ಷ ಆರ್‌ಸಿಎ ವಿಕ್ಟರ್ ಕಂಪನಿ 45ರ ವೇಗದ 7 ಇಂಚಿನ ಚಿಕ್ಕ ಪ್ಲೇಟು ತಂದದ್ದು ಚೇಂಜರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ. ನಮ್ಮ ಸಿನಿಮಾ ಹಾಡುಗಳು ಮನೆಮನೆಗೆ ಬಂದದ್ದು ಅದೇ ಅಳತೆಯ ಇಪಿಗಳಲ್ಲಿ. ಮಗ್ಗುಲಿಗೆ ಎರಡು ಹಾಡು. ಹತ್ತು ಇಪಿ ಪೇರಿಸಿದರೆ ಒಂದು ತಾಸು ಯಾರೂ ಏಳಬೇಕಿಲ್ಲ. ಚೇಂಜರಿನ ಬಂಗಾರದ ದಿನಗಳು ಎಂದರೆ ಇವೇ. ಬಿಎಸ್ಆರ್ ಕಂಪನಿಯ ಕಾರ್ಖಾನೆಗಳು 1977ರ ಹೊತ್ತಿಗೆ ವಾರಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಯಂತ್ರ ತಯಾರಿಸುತ್ತಿದ್ದವು.

ಆದರೆ ಅಷ್ಟರಲ್ಲಿ ಕ್ಯಾಸೆಟ್ಟು ಬಾಗಿಲಿಗೆ ಬಂದಿತ್ತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ನೀಡಿದ ನಿತ್ಯೋತ್ಸವ 1978ರಲ್ಲಿ ಬಂದದ್ದು ಕ್ಯಾಸೆಟ್ಟಿನಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಪ್ಲೇಟಿನ ಪೆಟ್ಟಿಗೆ ಅಟ್ಟ ಏರಿತು.

ಸುಖದ ಬೆಲೆ ತೆತ್ತದ್ದು ಪ್ಲೇಟು

ಚೇಂಜರ್ ಕೈಗೆ ವಿಶ್ರಾಂತಿ ಕೊಟ್ಟದ್ದು ನಿಜ. ಅದರ ಬೆಲೆಯನ್ನು ತೆತ್ತದ್ದು ಪ್ಲೇಟುಗಳು. ಒಂದರ ಮೇಲೊಂದು ಬೀಳುವಾಗ ನಡುವೆ ಧೂಳಿದ್ದರೆ ಗೆರೆ ಸವೆಯುತ್ತದೆ. ಪೇರಿಕೆ ಎತ್ತರವಾದಂತೆ ಸೂಜಿ ಕೂರುವ ಕೋನ ಬದಲಾಗುತ್ತದೆ. ಮೇಲಿನ ಪ್ಲೇಟು ಕೆಳಗಿನದರ ಮೇಲೆ ಜಾರಿದರೆ ಹಾಡು ತೂಕಡಿಸುತ್ತದೆ. ಕೆಲವು ಎಲ್‌ಪಿಗಳ ಅಂಚು ಮತ್ತು ಲೇಬಲ್ಲಿನ ಜಾಗ ಸ್ವಲ್ಪ ದಪ್ಪಗೆ ಇರುವುದನ್ನು ನೀವು ಗಮನಿಸಿರಬಹುದು. ಪೇರಿಸಿದಾಗ ಗೆರೆಗೆ ಗೆರೆ ತಾಗದಿರಲಿ ಎಂದು ಮಾಡಿದ ಉಪಾಯ ಅದು. ಅರಗಿನ 78ಕ್ಕೆ ಆ ರಕ್ಷಣೆಯೂ ಇಲ್ಲ. ಅರಗು ಬಳೆಯಂತೆ, ಬಿದ್ದರೆ ಸೀಳುತ್ತದೆ. ತೂತಿನ ಸುತ್ತ ಚಕ್ಕೆ ಎದ್ದ 78 ನಿಮ್ಮಲ್ಲಿದ್ದರೆ ಅದು ಬಹುಶಃ ಚೇಂಜರಿನ ಮೆಟ್ಟಿಲು ಇಳಿದು ಬಂದದ್ದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ, ಆ ಪ್ಲೇಟುಗಳಲ್ಲಿ ಯಾರ ದನಿ ಇದೆ ಎಂಬುದು. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಹಾಡಿದ ಎಚ್‌ಎಂವಿ ಪ್ಲೇಟುಗಳ ಮೇಲೆ ಅವರ ಹೆಸರು ಗಾಂಧಾರಿ ಎಂದಿದೆ. ಗೊತ್ತಿಲ್ಲದವರು "ಯಾರೋ ಗಾಂಧಾರಿ ಅಂತ" ಎಂದು ಬದಿಗಿಟ್ಟಾರು. ಮಿರಜದ ನೀಲಕಂಠಬುವಾ ಅವರಲ್ಲಿ ಕಲಿತ ಮಲ್ಲಿಕಾರ್ಜುನ ಮನಸೂರ, ಬೀಳಗಿಯಿಂದ ಮುಂಬಯಿಗೆ ಹೋಗಿ 1943ರ ಕಿಸ್ಮತ್ ಚಿತ್ರದ ಹಾಡುಗಳಿಂದ ಮನೆಮಾತಾದ ಅಮೀರಬಾಯಿ ಕರ್ನಾಟಕಿ, ಗದುಗಿನಿಂದ ಹೊರಟು ಪುಣೆಯಲ್ಲಿ ನೆಲೆಸಿ ಅಭಂಗವನ್ನೂ ದಾಸರಪದವನ್ನೂ ಒಂದೇ ಕೊರಳಲ್ಲಿ ಹಾಡಿದ ಭೀಮಸೇನ ಜೋಶಿ, ಇವರೆಲ್ಲ ನಮ್ಮ ಗಡಿಭಾಗದಂತೆಯೇ ಎರಡು ಭಾಷೆಯ ನಡುವೆ ಬಾಳಿದವರು. ಎರಡೂ ಭಾಷೆಯ ಪ್ಲೇಟುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡ ಮನೆಗಳು ಇಲ್ಲಿಯವೇ. ಬೆಂಗಳೂರಿನವರ ಬಳಿ ಕನ್ನಡದ್ದು, ಪುಣೆಯವರ ಬಳಿ ಮರಾಠಿಯದು ಸಿಗಬಹುದು. ಇವೆರಡೂ ಅಕ್ಕಪಕ್ಕ ಕೂತಿರುವ ಸಂಗ್ರಹ ಭಂಗಾರದವನ ಗಾಡಿ ಏರಿದರೆ ಮತ್ತೆ ಕಟ್ಟುವುದು ಅಸಾಧ್ಯ.

ಪೆಟ್ಟಿಗೆ ಮತ್ತೆ ನಡೆಯಬೇಕಾದರೆ

ಅಟ್ಟದಲ್ಲಿ ಕೂತ ಚೇಂಜರುಗಳ ರೋಗ ಹೆಚ್ಚಾಗಿ ಒಂದೇ: ಗ್ರೀಸು ಒಣಗಿ ಅಂಟಾಗಿರುವುದು. ಹಾಡು ಮುಗಿದರೂ ತೋಳು ಏಳದಿದ್ದರೆ, ಎದ್ದ ತೋಳು ನಡುದಾರಿಯಲ್ಲಿ ನಿಂತರೆ ಅದಕ್ಕೆ ಮೋಟರು ಸುಟ್ಟಿದೆ ಎಂದೇ ಅರ್ಥವಲ್ಲ. ಪ್ಲಗ್ ಕಿತ್ತು, ಚಕ್ರ ಎತ್ತಿ, ಹಳೆಯ ಗ್ರೀಸನ್ನು ಔಷಧ ಅಂಗಡಿಯ ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಟ್ಟು ಹೊಸದನ್ನು ಹಚ್ಚಿದರೆ ಎಷ್ಟೋ ಯಂತ್ರಗಳು ಏಳುತ್ತವೆ. ಮೋಟರಿನ ಬೇರಿಂಗಿಗೆ ಒಂದೆರಡು ಹನಿ ಹೊಲಿಗೆ ಮಷಿನ್ ಎಣ್ಣೆ ಸಾಕು. ಮೇಲೆ ಹೇಳಿದ ಹಗುರ ನಾಲಗೆಗೆ ಮಾತ್ರ ಎಣ್ಣೆ ತಾಗಿಸಬೇಡಿ. ಅದು ಒಣಗಿದ್ದರೇ ಕೆಲಸ ಮಾಡುವುದು. ಚಕ್ರವನ್ನು ತಿರುಗಿಸುವ ರಬ್ಬರಿನ ಗಾಲಿಗೂ ಎಣ್ಣೆ ಕೂಡದು. ಆ ರಬ್ಬರು ಕಲ್ಲಾಗಿದ್ದರೆ ವೇಗ ತಪ್ಪುತ್ತದೆ, ಗರಗರ ಸಪ್ಪಳ ಬರುತ್ತದೆ; ಆಗ ಬದಲಿಸಬೇಕು. ತೋಳು ತಾನಾಗಿ ಚಲಿಸುವಾಗ ಕೈಯಿಂದ ಹಿಡಿದು ಎಳೆಯಬೇಡಿ. ಇಷ್ಟು ವರ್ಷ ಉಳಿದ ಹಲ್ಲು ಆ ಒಂದು ಎಳೆತಕ್ಕೆ ಮುರಿಯುತ್ತದೆ. ವೈರು, ಕೆಪಾಸಿಟರ್ ನೋಡುವ ಕೆಲಸ ತಿಳಿದ ಮೆಕ್ಯಾನಿಕರದ್ದು, 230 ವೋಲ್ಟಿನ ಜೊತೆ ಚೇಷ್ಟೆ ಬೇಡ.

ಅಮೆರಿಕದಿಂದ ನೆಂಟರು ತಂದ ಯಂತ್ರವಿದ್ದರೆ ಇನ್ನೊಂದು ಮಾತು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಹಾಡು ಎಳೆದಂತೆ ಕೇಳುತ್ತದೆ. ಅಲ್ಲಿಯ ಕರೆಂಟು 60 ಸೈಕಲಿನದು, ನಮ್ಮದು 50. ಮೋಟರು ಆರಕ್ಕೆ ಐದರ ಲೆಕ್ಕದಲ್ಲಿ ನಿಧಾನವಾಗುತ್ತದೆ. 33ರ ಪ್ಲೇಟು 28ರ ಆಸುಪಾಸಿಗೆ ಇಳಿಯುತ್ತದೆ. ಲತಾ ಮಂಗೇಶಕರರ ದನಿ ಗಂಡಸಿನ ದನಿಯ ಕಡೆಗೆ ವಾಲಿದರೆ ಪ್ಲೇಟನ್ನು ಬೈಯಬೇಡಿ.

ಸೂಜಿಯ ವಿಷಯದಲ್ಲಿ ಚೌಕಾಶಿ ಬೇಡವೇ ಬೇಡ. 78ರ ಗೆರೆ ಅಗಲ, ಎಲ್‌ಪಿಯದು ಸಣ್ಣ. 78ರ ಸೂಜಿಯ ತುದಿ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಹಲವು ಚೇಂಜರುಗಳಲ್ಲಿ ಎರಡೂ ಸೂಜಿ ಇದ್ದು ಒಂದು ಚಿಕ್ಕ ಸನ್ನೆ ತಿರುವಿ ಬದಲಿಸಬಹುದು. ಅದನ್ನು ಮರೆತು 78ರ ಸೂಜಿಯಲ್ಲಿ ಎಲ್‌ಪಿ ಹಚ್ಚಿದರೆ ಗೆರೆಯನ್ನು ಕೊರೆದು ಹಾಕುತ್ತದೆ. ನೀಲಮಣಿಯ ಸೂಜಿ ಕೆಲವು ಹತ್ತು ತಾಸಿಗೇ ಸವೆಯುತ್ತದೆ. ನಲವತ್ತು ವರ್ಷದಿಂದ ಬದಲಿಸದ ಸೂಜಿಯ ಕೆಳಗೆ ಯಾವ ಪ್ಲೇಟನ್ನೂ ಇಡಬಾರದು.

ಯಂತ್ರ ಎದ್ದಿತೆನ್ನಿ. ಎಲ್ಲೆಡೆ ಸಿಗುವ ಸಿನಿಮಾ ಇಪಿಗಳನ್ನು ಪೇರಿಸಿ ಮೊಮ್ಮಕ್ಕಳಿಗೆ ಆ ಟಪ್ ಸಪ್ಪಳ ಕೇಳಿಸಿ, ಮನೆಮಂದಿಯೆಲ್ಲ ಕೂತು ನೋಡುವಂಥ ಆಟ ಅದು. ಇಂದು ಹೊಸದಾಗಿ ಮಾರಾಟಕ್ಕಿರುವ ಟರ್ನ್‌ಟೇಬಲ್ಲುಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಪ್ಲೇಟಿನವು, ಈ ಆಟ ಅವುಗಳಲ್ಲಿಲ್ಲ. ಹಳೆಯ ಕನ್ನಡ 78ಗಳನ್ನು ಮಾತ್ರ ಒಂದೊಂದಾಗಿ, ಪಕ್ಕದಲ್ಲಿ ಕೂತು, ಸರಿಯಾದ ಸೂಜಿಯಲ್ಲಿ ಹಚ್ಚಿ. ಅದಕ್ಕೂ ಮೊದಲು ಕಂಪ್ಯೂಟರಿಗೆ ಪ್ರತಿ ಮಾಡಿಸಿ. ಮೊಬೈಲನ್ನು ಸ್ಪೀಕರಿನ ಎದುರು ಹಿಡಿದರೆ ಫ್ಯಾನಿನ ಸಪ್ಪಳ, ಓಣಿಯ ನಾಯಿ ಎಲ್ಲವೂ ಸೇರುತ್ತವೆ. ಬೇರೆ ದಾರಿ ಇಲ್ಲದಿದ್ದರೆ ಅದೂ ಇರಲಿ.

ಯಂತ್ರಕ್ಕೆ ಹೇಳಿದ ಸ್ಪಿರಿಟ್ಟು ಅರಗಿನ ಪ್ಲೇಟಿಗೆ ವಿಷ, ಅರಗು ಅದರಲ್ಲಿ ಕರಗುತ್ತದೆ. ಮೆತ್ತನೆಯ ಒಣ ಬ್ರಷ್, ಬೇಕಾದರೆ ಲೇಬಲ್ ತೋಯದಂತೆ ತುಸು ಒದ್ದೆ ಬಟ್ಟೆ ಸಾಕು. ಸೋಲಾಪುರದ ಬ್ಯಾಸಗಿಯಲ್ಲಿ ಪತ್ರಾಸಿನ ಕೆಳಗೆ ಪ್ಲೇಟು ಇಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮಲಗಿಸಿ ಒಟ್ಟಬೇಡಿ, ಪುಸ್ತಕದಂತೆ ನಿಲ್ಲಿಸಿ, ತಂಪು ಕೋಣೆಯಲ್ಲಿ ಇಡಿ.

ಇಡುವ ಜಾಗವೇ ಇಲ್ಲ ಎನ್ನುವವರಿಗೂ ಭಂಗಾರದ ಗಾಡಿಯೊಂದೇ ಗತಿಯಲ್ಲ. ಮುಂಬಯಿಯಲ್ಲಿ 1990ರಲ್ಲಿ ಆರಂಭವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಸಂಗ್ರಾಹಕರ ಸಂಘ ಇಂಥ ಪ್ಲೇಟುಗಳ ವಿವರವನ್ನು ದಾಖಲಿಸುವ ಕೆಲಸ ಮಾಡಿದೆ. ಗೌಹರ್ ಜಾನ್ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ 78ಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ. ಇಂಥವರಿಗೆ ಬರೆಯುವಾಗ ಪ್ಲೇಟಿನ ಎರಡೂ ಮಗ್ಗುಲಿನ ಲೇಬಲ್ಲಿನ ಫೋಟೋ ಕಳಿಸಿ. ಲೇಬಲ್ಲಿನ ಪಕ್ಕದ ಕರಿಯ ಜಾಗದಲ್ಲಿ ಸಣ್ಣದಾಗಿ ಕೊರೆದ ಅಂಕಿ-ಅಕ್ಷರಗಳಿರುತ್ತವೆ, ದೀಪಕ್ಕೆ ಓರೆಯಾಗಿ ಹಿಡಿದರೆ ಕಾಣುತ್ತವೆ. ಅದನ್ನೂ ಬರೆದುಕೊಳ್ಳಿ. ಲೇಬಲ್ ಹರಿದು ಹೋಗಿದ್ದರೂ ಹಾಡಿದವರು ಯಾರು ಎಂದು ಪತ್ತೆ ಹಚ್ಚಲು ಆ ಅಂಕಿಯೇ ದಾರಿ.